ಬಾನೆಟ್ ಆರುವ ತನಕ

ಎರಡು ಲಕ್ಷ ಕಿಲೋಮೀಟರ್ ಓಡಿದ ಹಳೆ ಎಸ್‌ಯುವಿ ಕೊಳ್ಳಲು ಖಾನಾವಳಿಯ ನೀಲವ್ವ ಬಂದಳು. ಮೊದಲು ಬಾನೆಟ್ ಮುಟ್ಟಿದಳು. ಬಿಸಿಯಾಗಿತ್ತು.

"ನಾ ಬರೂಕಿಂತ ಮೊದ್ಲ ಚಾಲೂ ಮಾಡೀರೇನ್ರಿ? ಒಲಿ ಹಚ್ಚುವಾಗನ ಅದರ ಹೊಗಿ ಗೊತ್ತಾಗೂದು. ಇದು ಆರ್ಲಿ, ಆಮ್ಯಾಲೆ ನೋಡ್ತೀನಿ."

ಬಿಳಿ ಸಫಾರಿ ಸೂಟು ತೊಟ್ಟ ದಲಾಲಿ ವೀರಭದ್ರಪ್ಪ ಉಳಿದ ಗಿರಾಕಿಗಳೆದುರು ಗುಡುಗಿದ: "ನನ್ನ ಮಾತ ಗ್ಯಾರಂಟಿ! ತಗೊಳ್ಳೂದಿದ್ರ ತಗೊ, ಇಲ್ಲಾಂದ್ರ ನಡಿ!"

ನೀಲವ್ವ ಅಲ್ಲೇ ನೆರಳಲ್ಲಿ ಕೂತು ರೊಟ್ಟಿ ಗಂಟು ಬಿಚ್ಚಿದಳು. ನಿಧಾನವಾಗಿ ಉಂಡಳು. ಒಂದು ನಿದ್ದೆಯನ್ನೂ ತೆಗೆದಳು. ಎದ್ದಾಗ ಬಾನೆಟ್ ತಣ್ಣಗಿತ್ತು.

"ಸಾವ್ಕಾರ್ರ, ಗ್ಯಾರಂಟಿ ಅಂದ್ರಲ್ಲ, ಸೈಲೆನ್ಸರ್ ಹಿಂದ ನಿಂದರ್ರಿ. ನಾ ಚಾಲೂ ಮಾಡ್ತೀನಿ."

ಎಲ್ಲರೂ ನೋಡುತ್ತಿದ್ದರು. ಒಲ್ಲೆ ಎನ್ನಲಾಗದೆ ನಿಂತ.

ಗಾಡಿ ಕೆಮ್ಮಿತು. ಹೊಗೆ ಬುಸ್ಸೆಂದಿತು. ಬಿಳಿ ಸಫಾರಿ ಕರಿ ಕಂಬಳಿಯಾಯಿತು.

ಕೀಲಿ ಅವನ ಕೈಗಿಟ್ಟು ನೀಲವ್ವ ಹೇಳಿದಳು: "ಅಂಗಿ ತೊಳೀಬ್ಯಾಡ್ರಿ. ಮುಂದಿನ ಗಿರಾಕಿಗೆ ಅದನ್ನ ತೋರಿಸ್ರಿ."