ಅಜ್ಞಾತ ಕಲಾವಿದೆಯ ಕೌದಿ

ಹೊಳೆಬಸವ ಒಂದು ವಸ್ತುಸಂಗ್ರಹಾಲಯದಲ್ಲಿ ಫಲಕ ಬರೆಯುವವನು. ಅಲ್ಲಿಯ ನಡುಗೋಡೆಯ ಮೇಲೆ ಮೊದಲು ಅರಸನೊಬ್ಬನ ತೈಲಚಿತ್ರವಿತ್ತು. ಅದು ದರ್ಪದ ಗುರುತೆಂದು ಇಳಿಸಿ, ಒಂದೇ ಒಂದು ಕಪ್ಪು ಗೆರೆಯಿದ್ದ ಚಿತ್ರವನ್ನು ತೂಗುಹಾಕಿದರು. ಅದು ಸಿರಿವಂತರ ಶೋಕಿಯೆಂದು ಇಳಿಸಿ, ಬುಡಕಟ್ಟಿನವರ ಮರದ ಮುಖವಾಡ ಇಟ್ಟರು. ಈಗ ಮುಖವಾಡವನ್ನು ಅಲ್ಲಿಡುವುದೇ ಅಪರಾಧ ಎನ್ನುತ್ತಿದ್ದಾರೆ. ಪ್ರತಿ ಸಲವೂ ಅದೇ ಸರಿಯೆಂದು ಫಲಕ ಬರೆದವನು ಹೊಳೆಬಸವ.

ಒಂದು ದಿನ ಅವನು ಊರ ಮಠದ ಗುರುಗಳ ಮುಂದೆ ಕುಳಿತು ಕೇಳಿದ: "ಅಪ್ಪಾರೇ, ಇಳಿಸು, ಏರಿಸು ಎಂದು ಹೇಳಿದವರೆಲ್ಲ ಓದಿದವರೇ. ಒಬ್ಬರ ಮಾತು ಕೇಳಿದಾಗ ಅದೇ ಸರಿ ಎನಿಸುತ್ತದೆ, ಇನ್ನೊಬ್ಬರದು ಕೇಳಿದಾಗ ಅದೂ ಸರಿ ಎನಿಸುತ್ತದೆ. ನನಗೆ ತಲೆಬುಡ ತಿಳಿಯದಾಗಿದೆ. ಯಾರ ಮಾತು ನಿಜ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಮನೆಯವರ ಹಳೆಯ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿದಳು. ಮಗಳು ಐದು ತಿಂಗಳ ಬಸುರಿ. ಹುಟ್ಟಿದ ಕೂಸನ್ನು ಮೊದಲು ಅಜ್ಜಿ ಹೊಲಿದ ಕೌದಿಯ ಮೇಲೆಯೇ ಮಲಗಿಸಬೇಕು. ಅದು ಆ ಮನೆಯ ಪದ್ಧತಿ. ಕೂಸು ಹಸಿಯಬಾರದೆಂದು ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಜೋಳ ಇಟ್ಟು ಹೊಲಿಗೆ ಮುಗಿಸಿದಳು. ಸಂಗ್ರಹಾಲಯದವರು ಬಂದು, ಎರಡು ತಿಂಗಳ ಪ್ರದರ್ಶನಕ್ಕೆ ಕೊಡು ಎಂದರು. ಕೊಟ್ಟಳು.

ಅಲ್ಲಿಯ ಮೊದಲನೆಯ ಪಂಡಿತ ಕೌದಿಯನ್ನು ನೋಡಿ, "ಇದು ಹಾಸಿಗೆ, ಕಲೆಯಲ್ಲ" ಎಂದ. ಹುಳು ಬಿದ್ದೀತೆಂದು ಮೂಲೆ ಬಿಚ್ಚಿ ಜೋಳ ತೆಗೆಸಿ, ಕೌದಿಯನ್ನು ಉಗ್ರಾಣಕ್ಕೆ ಕಳಿಸಿದ. ಕಲೆಗೂ ಹಾಸಿಗೆಗೂ ವ್ಯತ್ಯಾಸ ಬೇಡವೇ? ಕತೆ ಕೇಳುತ್ತಿದ್ದ ಹೊಳೆಬಸವ ಹೌದೆಂದು ತಲೆದೂಗಿದ.

ಅವನ ನಂತರ ಬಂದ ಎರಡನೆಯ ಪಂಡಿತ, "ಆ ಜೋಳವೇ ಕಲೆಯ ಜೀವ" ಎಂದು ಕೂಗಾಡಿದ. ಮೂಲೆಯಲ್ಲಿ ಗಾಜಿನ ಮಣಿ ತುಂಬಿಸಿ, ಕೌದಿಯನ್ನು ಗೋಡೆಗೆ ಏರಿಸಿ, ಕೆಳಗೆ 'ಅಜ್ಞಾತ ಕಲಾವಿದೆ' ಎಂದು ಬರೆಸಿದ. ಹೊಳೆಬಸವ ಮತ್ತೆ ತಲೆದೂಗಿದ.

ಎರಡು ತಿಂಗಳು ಕಳೆದರೂ ಕೌದಿ ಮರಳಲಿಲ್ಲ. ಮಗಳಿಗೆ ಒಂಬತ್ತು ತಿಂಗಳು ತುಂಬಿತು. ಹೆಂಗಸು ಸಂಗ್ರಹಾಲಯಕ್ಕೆ ಬಂದಳು.

"ಆ ಅಜ್ಞಾತ ಕಲಾವಿದೆ ನಾನೇ ರೀ ಸಾಹೇಬ್ರ. ಮಗಳು ಇವತ್ತೋ ನಾಳೆಯೋ ಹಡೀತಾಳ. ನನ್ನ ಕೌದಿ ಇಳಿಸಿ ಕೊಡ್ರಿ."

ಆ ಹೊತ್ತಿಗೆ ಮೂರನೆಯ ಪಂಡಿತ ಬಂದಿದ್ದ. ಅವನು ಎದ್ದು ನಿಂತು ಕೈಮುಗಿದ.

"ತಾಯಿ, ಇದನ್ನು ಗೋಡೆಗೆ ಹಾಕಿದ್ದೇ ಅನ್ಯಾಯ. ಇದು ನಿಮ್ಮ ಸಮುದಾಯಕ್ಕೆ ಮರಳಬೇಕು. ಆದರೆ ಸಮುದಾಯ ಎಂದರೆ ಯಾರು ಎಂಬುದು ಮೊದಲು ತೀರ್ಮಾನವಾಗಲಿ. ಅದಕ್ಕೇ ಸಮಿತಿ ಮಾಡಿದ್ದೇವೆ."

"ಸಮಿತಿ ಮುಗಿಯೋತನಾ ಹಡೀಬ್ಯಾಡ ಅಂತ ಮಗಳಿಗೆ ಹೇಳ್ಲೇನ್ರಿ?"

ಪಂಡಿತ ಆ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಂಡ. ಹೆಂಗಸು ಬರಿಗೈಯಲ್ಲಿ ಹೊರಟಳು. ಅಂದೇ ಮಗಳಿಗೆ ಹೆರಿಗೆಯಾಯಿತು. ಸಮಿತಿ ಇನ್ನೂ ಚರ್ಚಿಸುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಹೊಳೆಬಸವ ಬಹಳ ಹೊತ್ತು ಲೆಕ್ಕಹಾಕಿದ. ಮೊದಲನೆಯವನಲ್ಲಿ ಶಿಸ್ತಿತ್ತು, ಎರಡನೆಯವನಲ್ಲಿ ಪ್ರೀತಿಯಿತ್ತು, ಮೂರನೆಯವನಲ್ಲಿ ನ್ಯಾಯವಿತ್ತು. ಗೊಂದಲ ಇನ್ನಷ್ಟು ಹೆಚ್ಚಿತು.

"ಅಪ್ಪಾರೇ, ಮೂರನೆಯವನೇ ಸರಿ ಎನಿಸುತ್ತದೆ. ಅಲ್ಲವೇ?"

ಗುರುಗಳು ಹೇಳಿದರು: "ಕೂಸು ಯಾವುದರ ಮೇಲೆ ಮಲಗಿತು ಎಂದು ನೀನು ಕೇಳಲೇ ಇಲ್ಲ."



ಸಮಿತಿಗಳಲ್ಲಿ ಕೂರುವವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಓದುಗರೇ, ಈ ಕತೆಯನ್ನು ಅವರಿಗೆ ದಾಟಿಸಿ.