ಹೊಳೆಗೆ ಕಾವು ಬಂದದ್ದು

ಹತ್ತಿರ ಬಾ, ಪುಟ್ಟಿ. ನಾಲ್ಕು ಕಿವಿಯನ್ನೂ ಇತ್ತ ಕೊಡು. ಈ ಮಾತು ನಮ್ಮ ಗುಹೆಯ ಬಾಗಿಲು ದಾಟಬಾರದು. ನಿಮ್ಮಮ್ಮನಿಗೂ ಹೇಳಕೂಡದು. ಆಣೆ ಮಾಡಿದೆಯಾ? ಸರಿ.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಮ್ಮ ಇಬ್ಬರು ಸೂರ್ಯರೂ ಇನ್ನೂ ಹಸುಗೂಸುಗಳು. ಬೆಳಕೇನೋ ಇತ್ತು, ಬಿಸಿ ಇರಲಿಲ್ಲ. ಹೊಳೆಯಂತೂ ಇಳಿದರೆ ಆರು ಕಾಲೂ ಮರಗಟ್ಟಬೇಕು, ಅಷ್ಟು ತಣ್ಣಗೆ.

ನಮ್ಮ ಕಾವಿಗರ ಪದ್ಧತಿ ಆಗಲೂ ಇದೇ. ಹೆತ್ತವಳು ತನ್ನ ಮೊಟ್ಟೆಗೆ ತಾನೇ ಕಾವು ಕೊಡಬಾರದು. ಅದನ್ನು ಪಕ್ಕದ ಮನೆಯವಳಿಗೆ ಕೊಟ್ಟು, ಅವಳದ್ದನ್ನು ತನ್ನ ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳಬೇಕು. ನೂರನೆಯ ದಿನ ಮರಿ ಹೊರಬಂದ ಮೇಲೆ ಹೆತ್ತ ಮನೆಗೆ ಒಪ್ಪಿಸಬೇಕು. ಪಕ್ಕದವಳ ಕೂಸು ನಮ್ಮ ಹೊಟ್ಟೆಯಲ್ಲಿದ್ದರೆ ಜಗಳ ಆಡುವುದಾದರೂ ಹೇಗೆ?

ಹೊಳೆಯ ದಂಡೆಯಲ್ಲಿ ತೊರಬಿ ಅಂತ ಒಬ್ಬಳಿದ್ದಳು. ಪಾಪ, ಅವಳ ಮೂರು ಮೊಟ್ಟೆ ಮೂರು ಮನೆಗೆ ಹೋಗಿ, ಮೂರೂ ತಣ್ಣಗಾಗಿ ವಾಪಸು ಬಂದಿದ್ದವು. ನಾಲ್ಕನೆಯದನ್ನು ಕೊಡಲು ಅವಳಿಗೆ ಕೈಯೇ ಬರಲಿಲ್ಲ.

ಏನು ಮಾಡಿದಳು ಗೊತ್ತೇನು? ಹೊಳೆಯಿಂದ ನುಣ್ಣನೆಯ ಕಲ್ಲೊಂದನ್ನು ಎತ್ತಿ, ಪಾಚಿಯಲ್ಲಿ ಸುತ್ತಿ, ಪಕ್ಕದ ಮನೆಯ ಮೊಗಚಿಯ ಕೈಗಿಟ್ಟಳು! ಮೊಗಚಿಯ ಮೊಟ್ಟೆಯನ್ನು ಇಸಿದುಕೊಂಡು ಬಂದಳು!

ಗಾಳಿ ಇದನ್ನು ಕಂಡಿತು. ಓಡಿಹೋಗಿ ಹೊಳೆಗೆ ಹೇಳಿತು, "ಕೇಳಿದೆಯೇನೇ? ತೊರಬಿ ಕಲ್ಲು ಕೊಟ್ಟಳು, ಕಲ್ಲು!"

"ಶ್! ಯಾರಾದರೂ ಕೇಳಿಸಿಕೊಂಡಾರು," ಎಂದಿತು ಹೊಳೆ. "ಆಮೇಲೇನಾಯಿತು, ಅದನ್ನು ಹೇಳು."

ಆಮೇಲೇನು, ತೊರಬಿಯ ಹೊಟ್ಟೆ ಎರಡು ಮೊಟ್ಟೆಯಿಂದ ಉಬ್ಬಿತು. ಕೇಳಿದವರಿಗೆಲ್ಲ "ಅಜೀರ್ಣ" ಎಂದಳು. ನೂರು ದಿನದ ಅಜೀರ್ಣವಂತೆ, ಅವಳ ಮುಖಕ್ಕಿಷ್ಟು!

ಆದರೆ ಪಕ್ಕದ ಮನೆಯಿಂದ ದಿನಾ ಜೋಗುಳ ಕೇಳಿಸುತ್ತಿತ್ತು. ಮೊಗಚಿ ಕಲ್ಲಿಗೆ ಹಾಡುತ್ತಿದ್ದಳು. ಊರವರು ಬಂದು, "ಏನೇ, ಒಳಗೆ ಅಲುಗಾಡುತ್ತಾ?" ಎಂದರೆ, "ಮಲಗಿದೆ, ಎಬ್ಬಿಸಬೇಡಿ," ಎಂದು ಗದರಿಸಿ ಕಳಿಸುತ್ತಿದ್ದಳು.

ಕೇಳಿ ಕೇಳಿ ತೊರಬಿ ನಾಲ್ಕು ಕಿವಿಯನ್ನೂ ಮುಚ್ಚಿಕೊಂಡಳು. 'ಅಯ್ಯೋ, ನಂಬಿಬಿಟ್ಟಿದ್ದಾಳೆ!'

ನೂರನೆಯ ದಿನ ಎರಡೂ ಮರಿಗಳು ಕಿಚಕಿಚ ಎನ್ನುತ್ತಾ ಹೊರಬಂದವು. ತನ್ನ ಮರಿಯನ್ನು ಬಚ್ಚಿಟ್ಟು, ತಾನು ಕೊಟ್ಟ ಮೊಟ್ಟೆ ಕೆಟ್ಟಿತು, ಮೊಗಚಿಯ ಕಾವೇ ಸಾಲದು ಎಂದು ಊರಿಗೆ ಸಾರಿದ್ದರೆ ತೊರಬಿ ಪಾರಾಗುತ್ತಿದ್ದಳು. ಅವಳು ಎರಡನ್ನೂ ಅವುಚಿಕೊಂಡು ನೇರ ಮೊಗಚಿಯ ಮುಂದೆ ಹೋಗಿ ನಿಂತಳು.

"ಅಕ್ಕಾ, ನಾನು ನಿನಗೆ ಕೊಟ್ಟದ್ದು..."

"ಕಲ್ಲು," ಎಂದಳು ಮೊಗಚಿ. "ಮೊದಲ ದಿನವೇ ಗೊತ್ತಾಯಿತು ಕಣೇ. ಮೊಟ್ಟೆಗೆ ಎದೆಬಡಿತ ಇರುತ್ತದೆ, ನನಗೇನು ಅಷ್ಟೂ ತಿಳಿಯದೇ?"

"ಮತ್ತೆ ನೂರು ದಿನ ಯಾಕೆ ಹೊತ್ತೆ?"

"ಕೆಳಗಿಟ್ಟಿದ್ದರೆ ಊರಿಗೆ ತಿಳಿಯುತ್ತಿತ್ತು. ನಿನ್ನ ಹೊಟ್ಟೆಯಿಂದ ಕೂಸನ್ನು ಕಿತ್ತು ಇನ್ನೊಬ್ಬಳಿಗೆ ಕೊಡುತ್ತಿದ್ದರು. ಸಾಕಾಗಲಿಲ್ಲವೇ ನಿನಗೆ, ಮೂರು ಸಲ?"

ತೊರಬಿ ಅತ್ತಳು. ಮೊಗಚಿ ತನ್ನ ಮರಿಯನ್ನು ಎತ್ತಿ ಮೂಸಿ, ಮುದ್ದಿಟ್ಟಳು. ಆಮೇಲೆ ಯಾರ ಕಣ್ಣಿಗೂ ಬೀಳದಿರಲೆಂದು ಇಬ್ಬರೂ ಸೇರಿ ಕಲ್ಲನ್ನು ಹೊಳೆಗೆ ಹಾಕಿದರು.

"ಅಬ್ಬಾ, ಎಷ್ಟು ಬೆಚ್ಚಗಿದೆ!" ಎಂದಿತು ಹೊಳೆ. ಕಲ್ಲನ್ನು ತಳದಲ್ಲಿ ಅಪ್ಪಿಕೊಂಡಿತು, ಬಿಡಲೇ ಇಲ್ಲ. ಅದಕ್ಕೇ ಪುಟ್ಟಿ, ಬೆಳಗಾದರೆ ಇವತ್ತಿಗೂ ನಮ್ಮ ಹೊಳೆಯ ಮೇಲೆ ಹಬೆಯಾಡುತ್ತದೆ, ನೀನು ಆರು ಕಾಲನ್ನೂ ಇಳಿಬಿಟ್ಟು ಕೂರುತ್ತೀಯ.

ಅಂದು ಆ ದಂಡೆಯಲ್ಲೇ ಮೊಗಚಿ ಸೊಂಟ ನೀವಿಕೊಳ್ಳುತ್ತಾ ತೊರಬಿಯ ಮುಖಕ್ಕೇ ಹೇಳಿದಳು, "ಮುಂದಿನ ಸಲ ಸ್ವಲ್ಪ ಹಗುರದ ಕಲ್ಲು ತಾರೇ, ಮೂಳಿ!"