ಬಾಣಂತಿ ಬಾವಿ

ಕರೇಮಲ್ಲಾಪುರದ ಬಡಗಣ ಅಗಸಿ ಬಾಗಿಲು ದಾಟಿ ನೂರು ಹೆಜ್ಜೆ ನಡೆದರೆ ಕಲ್ಲು ಕಟ್ಟಿದ ಹಳೆಯ ಮೆಟ್ಟಿಲುಬಾವಿ ಸಿಗುತ್ತದೆ. ಅದಕ್ಕೆ ಬಾಣಂತಿ ಬಾವಿ ಎಂದು ಹೆಸರು. ಹೆಸರು ಕಿವಿಗೆ ಬಿದ್ದ ಕೂಡಲೇ ಪರಸ್ಥಳದವರು ಲೊಚಗುಟ್ಟುತ್ತಾರೆ. ಯಾವಳೋ ಹಸಿ ಬಾಣಂತಿ ಹಾರಿಕೊಂಡಿರಬೇಕು, ಇಲ್ಲವೇ ನೀರು ಬರಲೆಂದು ಬಲಿ ಕೊಟ್ಟಿರಬೇಕು ಎಂದು ತಾವೇ ಕತೆ ಕಟ್ಟಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಯಾರೂ ಹಾರಿಲ್ಲ, ಯಾರನ್ನೂ ದೂಡಿಲ್ಲ. ಬಾವಿಯ ದಂಡೆಯ ಮೇಲೆ ಮಸಿ ಹಿಡಿದ ಮೂರು ದಪ್ಪ ಕಲ್ಲುಗಳಿವೆ. ಹೆಸರಿನ ಮೂಲ ಅಲ್ಲಿದೆ.

ಹಿಂದೆ ಒಮ್ಮೆ, ಈಗಿನವರ ಮುತ್ತಜ್ಜಂದಿರ ಕಾಲದಲ್ಲಿ, ಊರಿಗೆ ಕಾಲರಾ ಬೇನೆ ಬಂದಿತು. ಆಗ ಅಲ್ಲಿಗೆ ಬಂದವಳು ಐಸೊಬೆಲ್ ಮಕ್ರೇ ಎಂಬ ವೈದ್ಯೆ. ಆಕೆ ಕೆನಡಾ ದೇಶದ ಮೀನುಗಾರರ ಊರಿನವಳು. ಹೆಣ್ಣಿಗೆ ಯಾತಕ್ಕೆ ಈ ವಿದ್ಯೆ ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಓದಿದವಳು. ಜನ ದಾಕ್ತರಬಾಯಿ ಎನ್ನುತ್ತಿದ್ದರು. ನೀರಿನಿಂದಲೇ ಬೇನೆ ಎಂದು ಬಲ್ಲ ಆಕೆ ಬಂದ ದಿನವೇ, ಯಾರಿಗೂ ಹೇಳದೆ ಕೇಳದೆ, ಬಾವಿಗೆ ಔಷಧದ ಪುಡಿ ಸುರಿದಳು. ಪುಡಿಯೇನೋ ಒಳ್ಳೆಯದೇ, ಆದರೆ ನೀರು ಕೆಂಪಾಯಿತು. ಕೊಡ ಹಿಡಿದು ಬಂದ ಹೆಂಗಸರು ಗಂಗಮ್ಮ ರಕ್ತ ಕಾರಿದಳೆಂದು ಹೌಹಾರಿ ಓಡಿದರು. ಊರಿಗೆ ಊರೇ ಬಾವಿ ಬಿಟ್ಟು, ರೋಗಿಗಳ ಬಟ್ಟೆ ಒಗೆಯುತ್ತಿದ್ದ ಕೆರೆಯ ನೀರು ಕುಡಿಯತೊಡಗಿತು. ನಾಲ್ಕು ದಿನಗಳಲ್ಲಿ ಹದಿಮೂರು ಹೆಣ ಎದ್ದವು. ಗೌಡರು ಗಾಡಿ ಹೂಡಿಸಿ, ಊರು ಬಿಟ್ಟು ಹೊರಡಲು ಆಕೆಗೆ ಹೇಳಿಕಳಿಸಿದರು. ತಪ್ಪು ತನ್ನದೆಂದು ಆಕೆಗೆ ಗೊತ್ತಿತ್ತು. ತಪ್ಪು ಮಾಡಿದವಳೇ ಅದನ್ನು ತಿದ್ದಬೇಕೆಂದು ಬಂದ ಗಾಡಿಯನ್ನು ಬರಿದೇ ಹಿಂದಕ್ಕೆ ಅಟ್ಟಿದಳು ಎನ್ನುತ್ತಾರೆ.

ಮನೆಮನೆಯ ಬಾಗಿಲು ಬಡಿದಳು, ಒಂದೂ ತೆರೆಯಲಿಲ್ಲ. ಕೊನೆಗೆ ಸೂಲಗಿತ್ತಿ ಸಂಕವ್ವ ಒಳಗೆ ಕರೆದಳು. ಆ ಮನೆಯಲ್ಲಿ ಗಂಡ ತೀರಿಹೋಗಿದ್ದ, ಮಗ ಹಾಸಿಗೆ ಹಿಡಿದಿದ್ದ. ಆದರೆ ಹೆರಿಗೆಗೆ ಬಂದ ಮಗಳು ಕೂಸಿಗೆ ಹಾಲೂಡಿಸುತ್ತ ಗಟ್ಟಿಮುಟ್ಟಾಗಿ ಕುಳಿತಿದ್ದಳು. ಇವಳೇನು ಕುಡಿಯುತ್ತಾಳೆ ಎಂದು ದಾಕ್ತರಬಾಯಿ ಕೇಳಿದಳು. ಬಾಣಂತಿ ಮತ್ತೇನು ಕುಡಿದಾಳು, ಕುದಿಸಿ ಆರಿಸಿದ ನೀರು ಎಂದಳು ಸಂಕವ್ವ. ಊರಲ್ಲಿ ಬಾಣಂತಿಯರು ಎಷ್ಟು ಮಂದಿ ಎಂದರೆ ಐವರು, ಐವರೂ ಸುಖವಾಗಿದ್ದರು. ದಾಕ್ತರಬಾಯಿಗೆ ಆಗ ಹೊಳೆಯಿತು. ತಾನು ಹೇಳಬೇಕೆಂದಿದ್ದುದನ್ನು ಈ ಊರು ಎಂದೋ ಬಲ್ಲದು! ಎಲ್ಲರಿಗೂ ಅದೇ ನೀರು ಕುಡಿಸೆಂದು ಸಂಕವ್ವನ ಕೈ ಹಿಡಿದುಕೊಂಡಳು.

ಸಂಕವ್ವ ತಲೆ ಅಲ್ಲಾಡಿಸಿದಳು. "ಗಂಡಸರು ಬಾಣಂತಿ ನೀರು ಕುಡೀತಾರೇನ್ರೀ ಬಾಯಾರ? ಮಂದಿ ನಗ್ತಾರ."

"ನಗಲಿ," ಎಂದಳು ದಾಕ್ತರಬಾಯಿ. "ನಗಲಿಕ್ಕೆ ಬದುಕಿರಬೇಕಲ್ಲ, ಸಂಕವ್ವಾ."

ಆ ಮಾತು ಮುದುಕಿಗೆ ನಾಟಿತು. ಬಾವಿಯ ದಂಡೆಯಲ್ಲಿ ಇಬ್ಬರೂ ಮೂರು ಕಲ್ಲಿನ ಒಲೆ ಹೂಡಿ, ಅಷ್ಟರಲ್ಲಿ ತಿಳಿಯಾಗಿದ್ದ ಬಾವಿಯ ನೀರು ತುಂಬಿ ಹಂಡೆ ಏರಿಸಿದರು. ಸಂಕವ್ವ ಡಂಗುರ ಸಾರಿಸಿ ಊರನ್ನು ಕೂಡಿಸಿದಳು.

"ಇವತ್ತಿನಿಂದ ನಲವತ್ತು ದಿನ ಊರಿಗೆ ಊರೇ ಬಾಣಂತಿ. ನಿಮ್ಮನ್ನ ಭೂಮಿಗೆ ಇಳಿಸಿದ ಕೈ ಇದು. ಇದರ ಮಾತು ಮೀರಬ್ಯಾಡ್ರಿ."

ಮೊದಲು ಮುಂದೆ ಬಂದವರು ಗೌಡರು. ಅವರೂ ಅವಳ ಕೈಯಲ್ಲೇ ಹುಟ್ಟಿದವರು. ಕುಡಿಯುವುದಾದರೆ ಕ್ರಮವಾಗಿ ಕುಡಿಯಬೇಕೆಂದು, ರುಮಾಲು ಬಿಚ್ಚಿ ಬಾಣಂತಿಯ ಹಾಗೆ ಕಿವಿ ಮುಚ್ಚಿ ಬಿಗಿದುಕೊಂಡು, ಗಂಭೀರವಾಗಿ ಒಂದು ತಂಬಿಗೆ ನೀರು ಕುಡಿದರಂತೆ. ಹೆಣ ಹೊತ್ತು ಬೇಸತ್ತಿದ್ದ ಊರು ಎಷ್ಟೋ ದಿನದ ಮೇಲೆ ನಕ್ಕಿತು. ಹಂಡೆ ನಲವತ್ತು ದಿನ ಕೆಳಗಿಳಿಯಲಿಲ್ಲ. ಸಾವು ದಿನದಿಂದ ದಿನಕ್ಕೆ ಇಳಿದು, ಹನ್ನೊಂದನೆಯ ದಿನದ ನಂತರ ಒಂದು ಹೆಣವೂ ಏಳಲಿಲ್ಲ.

ದಾಕ್ತರಬಾಯಿ ಮುಂದೆ ತನ್ನ ದೇಶಕ್ಕೆ ಮರಳಿದಳು. ಅಲ್ಲಿ ಆಕೆಯ ಹೆಸರು ಹೇಳುವವರು ಇದ್ದಾರೋ ಇಲ್ಲವೋ, ಇಲ್ಲಂತೂ ಒಂದು ಶಾಸನವೂ ಇಲ್ಲ. ಇರುವುದು ಮೂರು ಕಲ್ಲು, ಮತ್ತೊಂದು ಪದ್ಧತಿ: ಈ ಊರಿನ ಗಂಡಸರು ಇಂದಿಗೂ ಟವೆಲನ್ನು ತಲೆಗೆ ಸುತ್ತಿ, ಕಿವಿ ಮುಚ್ಚಿಕೊಂಡೇ ಬಾವಿಯ ದಂಡೆಯಲ್ಲಿ ನೀರು ಕುಡಿಯುತ್ತಾರೆ. ನೋಡಿದವರು ನಗುತ್ತಾರೆ. ಊರವರು ಸಿಟ್ಟಾಗುವುದಿಲ್ಲ. ತಂಬಿಗೆ ಕೆಳಗಿಟ್ಟು, "ನಗ್ರೀ," ಎನ್ನುತ್ತಾರೆ, "ನಗಾಕ ಬದುಕಿರಬೇಕಲ್ಲ."